ನಾಲ್ಕಾಣೆಯಷ್ಟಗಲ

ರಾಜಾಜಿನಗರ ಎರಡನೇ ಬ್ಲಾಕ್, ಬೆಂಗಳೂರು
14-9-1973

ಅಣ್ಣನಿಗೆ ಜಲಜಾಳ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ರೈಲು ಹತ್ತಿ ಐದು ದಿನವಾಯಿತು. ಈ ಐದು ದಿನದಲ್ಲಿ ನಡೆದದ್ದು ನಿನಗೆ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಭಾನುವಾರ ಕಾಮಾಕ್ಷಿಪಾಳ್ಯದ ಗಣೇಶನ ಪೆಂಡಾಲಿನಲ್ಲಿ ನಿಮ್ಮ ಆರ್ಕೆಸ್ಟ್ರಾ ನಡೆಯಲೇ ಇಲ್ಲ. ನೀನು ನಿಮ್ಮ ಹಾಡುಗಾರ ಶ್ಯಾಮಸುಂದರನ ಹತ್ತಿರ ಜಗಳವಾಡಿಕೊಂಡು, 'ನಿನ್ನ ಆರ್ಕೆಸ್ಟ್ರಾ ನೀನೇ ಇಟ್ಕೊ' ಎಂದು ಹೇಳಿ ಮೂರು ಗಂಟೆಗೇ ಹೊರಟು ಬಂದೆ ಅಂದೆಯಲ್ಲ, ನೀನು ಬಂದ ಮೇಲೆ ಅಲ್ಲಿ ಹೊಡೆದಾಟವಾಗಿದೆ. ಉಳಿದವರೆಲ್ಲ ಮುಂದೆ ಮೈಕು ಕಟ್ಟುತ್ತಿದ್ದರಂತೆ. ಸ್ಟೇಜಿನ ಹಿಂದೆ ಪರದೆಯ ಮರೆಯಲ್ಲಿ ಶ್ಯಾಮಸುಂದರ ತಲೆ ಒಡೆದುಕೊಂಡು ಬಿದ್ದಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಚನ್ನವೀರಪ್ಪನವರು ಕೂತಿದ್ದರು, ಅಂಗಿಯೆಲ್ಲ ರಕ್ತ. ತಬಲಾ ಶ್ರುತಿ ಮಾಡುವ ಅವರ ಪುಟ್ಟ ಸುತ್ತಿಗೆ ಪಕ್ಕದಲ್ಲೇ ಆ ರಕ್ತದಲ್ಲಿ ಬಿದ್ದಿತ್ತು. ಪೊಲೀಸರಿಗೆ ಅಷ್ಟೇ ಸಾಕಾಯಿತು. ನಾಲ್ಕು ವರ್ಷ ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದು, ಒಂದು ದಿನವೂ ಯಾರ ಹತ್ತಿರವೂ ಜೋರಾಗಿ ಮಾತಾಡದ ಮನುಷ್ಯ ಈಗ ಲಾಕಪ್ಪಿನಲ್ಲಿದ್ದಾರೆ. ಶ್ಯಾಮಸುಂದರನಿಗೆ ಇನ್ನೂ ಎಚ್ಚರ ಬಂದಿಲ್ಲ.

ಬುಧವಾರ ಮಧ್ಯಾಹ್ನ ಶ್ಯಾಮಸುಂದರನ ಕಡೆಯವರು ಏಳೆಂಟು ಜನ ಬಂದರು. ಚನ್ನವೀರಪ್ಪನವರ ರೂಮಿನ ಬಾಗಿಲು ಒದ್ದು ಮುರಿದರು. ಟ್ರಂಕನ್ನು ರಸ್ತೆಗೆ ಎಳೆದು ಬಟ್ಟೆಗೆ ಬೆಂಕಿ ಹಚ್ಚಿದರು. ಪೆಂಡಾಲಿನಿಂದ ಯಾರೋ ತಂದಿಟ್ಟಿದ್ದ ಅವರ ತಬಲಾ ಜೋಡಿಯನ್ನು ನಾನು ಹೇಗೋ ಅಡಿಗೆಮನೆಗೆ ಎಳೆದುಕೊಂಡೆ. ನಮ್ಮ ಕಿಟಕಿಗಳಲ್ಲಿ ಒಂದು ಗಾಜೂ ಉಳಿದಿಲ್ಲ. ಅಮ್ಮನ ಭುಜಕ್ಕೆ ಕಲ್ಲು ಬಿತ್ತು, ಊದಿಕೊಂಡಿದೆ. 'ರೌಡಿಗೆ ಮನೆ ಕೊಟ್ಟಿದೀಯೇನಮ್ಮಾ' ಎಂದು ಒಬ್ಬ ಕೇಳಿದ. 'ತಬಲಾ ಬಾರಿಸೋನಿಗೆ ಕೊಟ್ಟಿರೋದು ಕಣಪ್ಪಾ' ಎಂದಳು ಅಮ್ಮ, ಭುಜ ಹಿಡಿದುಕೊಂಡೇ.

ಇನ್ನು ನಿನ್ನ ಗಿಟಾರು. ಅದು ಮನೆಯಲ್ಲಿರುವುದು ಅಮ್ಮನಿಗೆ ಬೇಡ. ಆರ್ಕೆಸ್ಟ್ರಾ ಎಂಬ ಹೆಸರೇ ಈಗ ಅವಳಿಗೆ ಆಗುವುದಿಲ್ಲ. ಅಟ್ಟದಿಂದ ಇಳಿಸಿ ನೋಡಿದೆ. ಪಕ್ಕದ ಹಲಗೆ ಬಿರುಕು ಬಿಟ್ಟು ಬೂಟಿನ ಗುರುತಿದೆ, ಯಾರು ತುಳಿದರು? ತಂತಿಗಳನ್ನೆಲ್ಲ ಸಡಿಲಿಸಿಟ್ಟಿದ್ದೀಯ. ಬಹಳ ದಿನ ಬಾರಿಸದಿದ್ದರೆ ಕತ್ತು ಬಾಗದಿರಲೆಂದು ಹಾಗೆ ಮಾಡುತ್ತಾರೆಂದು ನೀನೇ ಹೇಳಿದ್ದೆ. ಅಷ್ಟು ಅವಸರದಲ್ಲೂ ಅದಕ್ಕೆ ನಿನಗೆ ಪುರಸೊತ್ತಿತ್ತು, ಅಮ್ಮನಿಗೆ ಹೋಗಿಬರ್ತೀನಿ ಅನ್ನಲು ಇರಲಿಲ್ಲ. ಆವತ್ತು ಜೀವನದಲ್ಲೇ ಮೊದಲ ಸಲ ನಿನ್ನ ಅಂಗಿ ನೀನೇ ಒಗೆದು ಹಾಕಿದೆ ಎಂದು ಅಮ್ಮ ಇನ್ನೂ ಆಶ್ಚರ್ಯಪಡುತ್ತಿದ್ದಾಳೆ.

ಬಳೇಪೇಟೆಯ ವಾದ್ಯದಂಗಡಿ ರಾಮಯ್ಯನವರನ್ನು ಕೇಳಿದೆ. ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ಬಾರಿಸುವ ಗಿಟಾರು ಈಗ ಯಾರಿಗೂ ಬೇಡವಂತೆ, ಎಲ್ಲರೂ ಎದೆಗೆ ನೇತುಹಾಕಿಕೊಳ್ಳುವುದನ್ನೇ ಕೇಳುತ್ತಾರಂತೆ. 'ಮಾರಿದ್ರೆ ಏನೂ ಗಿಟ್ಟಲ್ಲಮ್ಮ. ಬದಲಿಗೆ ಒಂದು ಹಾರ್ಮೋನಿಯಂ ತಗೊಂಡು ಹೋಗಿ' ಎಂದರು. ಸ್ಕೂಲಿನ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡಲು ನನಗೂ ಅದು ಬೇಕಾಗಿದೆ. ಮಾರಲೋ, ಬದಲಾಯಿಸಲೋ, ನೀನೇ ಹೇಳು.

ಜಲಜಾ


ಮಾತುಂಗಾ, ಬೊಂಬಾಯಿ
22-9-1973

ಪ್ರೀತಿಯ ನಾಲ್ಕಾಣೆಗೆ,

ಹಣೆಯ ಮೇಲೆ ಆ ದುಂಡು ಕಲೆ ಇಟ್ಟುಕೊಂಡು ಇನ್ನೂ ನನಗೆ ಬುದ್ಧಿ ಹೇಳುವುದನ್ನು ಬಿಟ್ಟಿಲ್ಲವಲ್ಲ ನೀನು. ನಾನು ಕ್ಷೇಮ. ಕುರ್ಲಾದಲ್ಲಿ ಒಂದು ವರ್ಕ್‌ಷಾಪಿನಲ್ಲಿ ಕೆಲಸ ಸಿಕ್ಕಿದೆ. ಮೆಸ್ಸಿನ ಊಟಕ್ಕೆ ಸಾರು ಎಂದು ಹೆಸರು, ಅಷ್ಟೇ.

ಗಿಟಾರನ್ನು ಮಾರಬೇಡ, ಬದಲಾಯಿಸಬೇಡ. ರಾಮಯ್ಯನ ಅಂಗಡಿಗೆ ತೋರಿಸಲಿಕ್ಕೂ ಒಯ್ಯಬೇಡ. ಅವನ ಆಳುಗಳು ಒಳಗೆ ಕೈ ಹಾಕಿ, ತಡವಿ, ಇದ್ದದ್ದನ್ನೂ ಕೆಡಿಸುತ್ತಾರೆ. ಕಾಕ್ಸ್ ಟೌನಿನ ಆ ಆಂಗ್ಲೋ ಇಂಡಿಯನ್ ಮುದುಕ ಆಸ್ಟ್ರೇಲಿಯಾಕ್ಕೆ ಹೊರಟಾಗ, ಕೇಳಿದ ಇಬ್ಬರು ಮೂವರನ್ನು ಬಿಟ್ಟು ನನಗೇ ಅದನ್ನು ಕೊಟ್ಟದ್ದು. ನನ್ನ ಹೆಸರಿಗೆ ಈ ಪ್ರಪಂಚದಲ್ಲಿ ಅದೊಂದೇ ಇರುವುದು. ಮತ್ತೆ ಅಟ್ಟಕ್ಕೆ ಹಾಕಿ ಮೇಲೆ ಹಳೆಯ ಹಾಸಿಗೆ ಎಳೆದುಬಿಡು.

ಚನ್ನನ ವಿಷಯ ಓದಿ ಬೇಸರವಾಯಿತು. ಆದರೆ ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಮನೆಯಲ್ಲಿ ನೀನು ನೋಡಿದ ಚನ್ನನೇ ಬೇರೆ. ಮೆತ್ತಗಿರುವವರ ಕೋಪ ಯಾರಿಗೂ ಕಾಣುವುದಿಲ್ಲ. ಶ್ಯಾಮ ಎಲ್ಲರನ್ನೂ ನಾಯಿಯ ಹಾಗೆ ನಡೆಸಿಕೊಳ್ಳುತ್ತಿದ್ದ, ಯಾರಿಗಾದರೂ ತಲೆ ಕೆಟ್ಟೇ ಕೆಡುತ್ತದೆ. ನಾನಿರಲಿಲ್ಲ, ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ ಮೂರು ಗಂಟೆಗೆ ಮನೆಯಲ್ಲಿದ್ದ ಎಂದು ಹೇಳು.

ಅಮ್ಮನ ಭುಜಕ್ಕೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು.

ಸೇತುರಾಮ


ರಾಜಾಜಿನಗರ
30-9-1973

ಅಣ್ಣಾ,

ಶ್ಯಾಮಸುಂದರ ಗುರುವಾರ ಬೆಳಿಗ್ಗೆ ಸತ್ತುಹೋದ. ಹದಿನೆಂಟು ದಿನ ಕಣ್ಣು ಬಿಡಲೇ ಇಲ್ಲ. ಇನ್ನು ಇದು ಕೊಲೆ ಮೊಕದ್ದಮೆ.

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಜಿರಲೆಯನ್ನೂ ಪೊರಕೆಯಿಂದ ಹೊರಗೆ ತಳ್ಳಿ ಬಿಡುತ್ತಿದ್ದ ಮನುಷ್ಯನ ಬಗ್ಗೆ ನೀನು ಹೀಗೆ ಬರೆಯಬಾರದಿತ್ತು. ಅವರಿಗಿರುವ ಒಬ್ಬನೇ ಗೆಳೆಯ ನೀನು. ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ಪ್ರತಿ ಸೋಮವಾರ ಸ್ಕೂಲಿನಲ್ಲಿ ಮೀಟಿಂಗ್ ಎಂದು ಅಮ್ಮನಿಗೆ ಸುಳ್ಳು ಹೇಳಿ ನಾನು ಜೈಲಿಗೆ ಹೋಗುತ್ತಿದ್ದೇನೆ. ಅವರ ಬಲಗೈ ನೋಡಿದೆ. ಠಾಣೆಯಲ್ಲಿ ಕೈಯನ್ನು ಮೇಜಿನ ಮೇಲೆ ಹಿಡಿದಿಟ್ಟು ಲಾಠಿಯಲ್ಲಿ ಹೊಡೆದಿದ್ದಾರೆ. 'ಒಪ್ಕೊ' ಅನ್ನುವುದು, ಒಂದು ಬೆರಳು. ಮತ್ತೆ 'ಒಪ್ಕೊ' ಅನ್ನುವುದು, ಇನ್ನೊಂದು. ಮೂರು ಬೆರಳು ಮುರಿದಿವೆ. ಅವು ಅಡ್ಡಾದಿಡ್ಡಿ ಕೂಡಿಕೊಂಡಿವೆ, ಅನ್ನ ಕಲಸಲೂ ಆಗುವುದಿಲ್ಲ. ತಬಲಾ ಮುಗಿಯಿತು.

ಇಷ್ಟಾದರೂ ಅವರು ಒಪ್ಪಿಕೊಂಡಿಲ್ಲ, ಯಾರ ಹೆಸರೂ ಹೇಳಿಲ್ಲ. ನಾನು ಹೋದಾಗಲೆಲ್ಲ ಒಂದೇ ಮಾತು. 'ಸೇತು ಬರ್ತಾನ್ರೀ. ಅವ್ನು ಬಂದ್ರೆ ಎಲ್ಲಾ ಸರಿ ಹೋಗ್ತದೆ.' ನೀನು ಬಂದು ಒಳ್ಳೆಯ ವಕೀಲರನ್ನು ಹಿಡಿಯುತ್ತೀಯ, ಇವರ ಸ್ವಭಾವ ಎಂಥದ್ದೆಂದು ಕೋರ್ಟಿನಲ್ಲಿ ಹೇಳುತ್ತೀಯ ಎಂದು ನಂಬಿಕೊಂಡಿದ್ದಾರೆ. ಒಂದು ವಾರ ರಜ ಹಾಕಿ ಬಾ.

ವಕೀಲರನ್ನು ನಾನೇ ನೋಡಿದ್ದೇನೆ. ಅಪ್ಪನ ಹಳೆಯ ವಿದ್ಯಾರ್ಥಿ ವೆಂಕಟಗಿರಿ, ವಿಜಯನಗರದಲ್ಲಿದ್ದಾರೆ. ಶವಪರೀಕ್ಷೆಯ ವರದಿಯನ್ನು ಅವರು ಕನ್ನಡದಲ್ಲಿ ಹೇಳಿದರು. ಕಿವಿಯ ಮೇಲೆ ಮೂರು ಏಟು, ಮೂರೂ ದುಂಡಗೆ, ನಾಲ್ಕಾಣೆ ನಾಣ್ಯದಷ್ಟಗಲ, ಮೂಳೆ ಒಳಗೆ ಕುಸಿದಿದೆ. ಸುತ್ತಿಗೆಯ ಮುಖವೂ ಹೆಚ್ಚುಕಡಿಮೆ ಅಷ್ಟೇ ಅಗಲವಂತೆ. ಹೆಚ್ಚುಕಡಿಮೆ ಎಂಬ ಮಾತಿನ ಮೇಲೆ ಒಬ್ಬ ಮನುಷ್ಯನನ್ನು ನೇಣಿಗೆ ಹಾಕಬಹುದೇನು ಎಂದು ಕೇಳಿದೆ. 'ಬೇರೆ ಏನೂ ಸಿಗದಿದ್ರೆ ಹಾಕಬಹುದು ಕಣಮ್ಮ' ಎಂದರು.

ಗಿಟಾರು ಇರಲಿ, ನೀನು ಹೇಳಿದ ಹಾಗೆ ಅಟ್ಟಕ್ಕೆ ಹಾಕಿದ್ದೇನೆ. ಆದರೆ ಒಂದು ಕೇಳುತ್ತೇನೆ. ನನ್ನ ಮೂರು ಪುಟದ ಕಾಗದದಲ್ಲಿ ಒಬ್ಬ ಸಾಯುತ್ತಿದ್ದ, ಒಬ್ಬ ಜೈಲಿನಲ್ಲಿದ್ದ, ಅಮ್ಮನಿಗೆ ಕಲ್ಲು ಬಿದ್ದಿತ್ತು. ನೀನು ಮೊದಲು ಉತ್ತರ ಕೊಟ್ಟದ್ದು ಗಿಟಾರಿಗೆ.

ಜಲಜಾ


ಮಾತುಂಗಾ
4-10-1973

ಜಲಜಾ,

ನನಗೆ ರಜ ಸಿಗುವುದಿಲ್ಲ. ಕೈಗೆ ಸ್ವಲ್ಪ ಪೆಟ್ಟಾಗಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ. ವರ್ಕ್‌ಷಾಪಿನಲ್ಲಿ ಒಬ್ಬ ನನ್ನ ಬೆನ್ನ ಹಿಂದೆ ನಿಂತು ನಗುತ್ತಿದ್ದ. ಅವನ ಕೂದಲು ಹಿಡಿದು ತಲೆಯನ್ನು ಲೇತ್ ಮಿಷನ್ನಿಗೆ ಎರಡು ಸಲ ಕುಟ್ಟಿದೆ. ಈಗ ಯಾರೂ ನಗುವುದಿಲ್ಲ.

ಜೈಲಿಗೆ ಹೋಗುವುದನ್ನು ಇವತ್ತೇ ನಿಲ್ಲಿಸು. ಮದುವೆಯಾಗಬೇಕಾದ ಹುಡುಗಿ ಕೊಲೆಗಡುಕನನ್ನು ನೋಡಲು ಕ್ಯೂ ನಿಲ್ಲುತ್ತಾಳೆಂದರೆ ಜನ ಉಗಿಯುತ್ತಾರೆ. ಅವನಿಗೆ ಬೆರಳು ಮುರಿದರೆ ನಿನಗೇನು?

ಗಿಟಾರಿನ ಬಗ್ಗೆ ಯೋಚಿಸಿದೆ. ಅಮ್ಮ ಹೇಳಿದ್ದೇ ಸರಿ, ಅದು ಮನೆಯಲ್ಲಿರುವುದು ಬೇಡ. ಮಾರುವುದೂ ಬೇಡ, ಬದಲಾಯಿಸುವುದೂ ಬೇಡ. ಪೆಟ್ಟಿಗೆ ತೆಗೆಯದೆ, ಹಾಗೇ ಒಂದು ಕಲ್ಲು ಕಟ್ಟಿ, ಕೆಂಗೇರಿ ಹತ್ತಿರ ವೃಷಭಾವತಿಯ ಗುಂಡಿಯಲ್ಲಿ ಗಣೇಶನನ್ನು ಬಿಡುವ ಹಾಗೆ ಬಿಟ್ಟುಬಿಡು. ನೀರು ಆಳವಿರುವ ಕಡೆ ನೋಡು. ನನ್ನ ಮೇಲೆ ಆಣೆ.

ಸೇತುರಾಮ


ರಾಜಾಜಿನಗರ
6-10-1973

ಅಣ್ಣಾ,

ನಿನ್ನೆ ಆಯುಧಪೂಜೆಯಾಯಿತು. ಒಂದೇ ಒಂದು ವಿಷಯ ಕೇಳಲು ಬರೆಯುತ್ತಿದ್ದೇನೆ. ಗಿಟಾರು ಬಾರಿಸುವ ಆ ಉಕ್ಕಿನ ತುಂಡು, ನೀನು ಸ್ಟೀಲು ಅನ್ನುತ್ತಿದ್ದೆಯಲ್ಲ, ಅದು ಎಲ್ಲಿದೆ? ಅದಿಲ್ಲದೆ ಗಿಟಾರು ತೆಗೆದುಕೊಳ್ಳುವುದಿಲ್ಲ ಎಂದು ರಾಮಯ್ಯನವರು ಹೇಳಿ ಕಳಿಸಿದ್ದಾರೆ. ಪೆಟ್ಟಿಗೆಯಲ್ಲಿ ಅದರ ಜಾಗ ಖಾಲಿ ಇದೆ.

ಜಲಜಾ


ಮಾತುಂಗಾ
12-10-1973

ನಾಲ್ಕಾಣೆ,

ಸ್ಟೀಲು ನನ್ನ ಹತ್ತಿರವೇ ಇದೆ. ಜೇಬಿನಲ್ಲಿ ಹಾಕಿಕೊಂಡೇ ಬಂದೆ, ಹಳೆಯ ಅಭ್ಯಾಸ. ಈಗಲೂ ದಿಂಬಿನ ಕೆಳಗಿದೆ. ಬರೆಯುವಾಗ ಎಡಗೈಯಲ್ಲಿ ಅದನ್ನೇ ಹಿಡಿದುಕೊಂಡು ಕೂತಿದ್ದೇನೆ, ತಣ್ಣಗಿದೆ. ರಾಮಯ್ಯನಿಗೆ ಇಲ್ಲ ಎಂದು ಹೇಳಿಬಿಡು.

ನಾಲ್ಕನೇ ತಾರೀಕಿನ ನನ್ನ ಕಾಗದ ತಲುಪಿತೋ ಇಲ್ಲವೋ? ಕೆಂಗೇರಿಗೆ ಹೋಗಿ ಬಂದೆಯಾ? ಬಿಟ್ಟು ಬಂದೆ ಎಂದು ಒಂದು ಸಾಲು ಬರೆ, ಸಾಕು.

ಸೇತುರಾಮ


ರಾಜಾಜಿನಗರ
18-10-1973

ಅಣ್ಣಾ,

ನಿನ್ನ ಎಡಗೈಯಲ್ಲಿ ಏನೂ ಇಲ್ಲ. ಸ್ಟೀಲು ನನ್ನ ಹತ್ತಿರ ಇದೆ. ಆರನೇ ತಾರೀಕು ನಿನ್ನನ್ನು ಕೇಳುವಾಗಲೂ ಅದು ನನ್ನ ಮುಂದೆ ಮೇಜಿನ ಮೇಲಿತ್ತು. ಎಲ್ಲಿದೆ ಎಂದು ಕೇಳಿದರೆ ನೀನು ನಿಜ ಹೇಳಿಬಿಡುತ್ತೀಯೇನೋ ಎಂಬ ಒಂದು ಆಸೆ ನನಗಿತ್ತು. ಅದಕ್ಕೇ ಕೇಳಿದ್ದು.

ಪ್ರತಿವರ್ಷದ ಹಾಗೆ ಆಯುಧಪೂಜೆಗೆ ಮನೆಯಲ್ಲಿರುವುದನ್ನೆಲ್ಲ ನಡುಮನೆಯಲ್ಲಿ ಸಾಲಾಗಿಟ್ಟೆವು. ಈಳಿಗೆಮಣೆ, ಕತ್ತರಿ, ಹೊಲಿಗೆ ಮಿಷನ್ನು, ನಿನ್ನ ಸೈಕಲ್ಲು. ಚನ್ನವೀರಪ್ಪನವರ ತಬಲಾಕ್ಕೂ ಅರಿಶಿನ ಕುಂಕುಮ ಹಚ್ಚಿದೆ. ಹಾಗೆಂದ ಮೇಲೆ ನಿನ್ನ ಗಿಟಾರನ್ನು ಹೇಗೆ ಬಿಡುವುದು? ಇಷ್ಟು ವರ್ಷ ಪೂಜೆಯ ದಿನ ಅದನ್ನು ಒರೆಸಿ ಇಡುತ್ತಿದ್ದವನು ನೀನು, ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಈ ಸಲ ಅದನ್ನು ನಾನು ಒರೆಸಬೇಕಾಗುತ್ತದೆ ಎಂಬುದು ನಿನಗೆ ಹೊಳೆಯಲಿಲ್ಲ. ಧೂಳು ಒರೆಸಲು ಓರೆ ಮಾಡಿದಾಗ ಒಳಗೆ ಏನೋ ದಪ್ಪನೆ ಜಾರಿತು. ತಂತಿಗಳು ಸಡಿಲವಾಗಿದ್ದವು, ನಡುವಿನ ತೂತಿನೊಳಗೆ ಸುಲಭವಾಗಿ ಕೈ ಹೋಯಿತು. ಕತ್ತು ಬಾಗದಿರಲೆಂದು ಸಡಿಲಿಸಿದ್ದಲ್ಲ ಅದು, ಈಗ ಗೊತ್ತಾಯಿತು.

ಕರವಸ್ತ್ರದಲ್ಲಿ ಸುತ್ತಿದ್ದೀಯ. ನಾನೇ ಮೂಲೆಯಲ್ಲಿ ನಿನ್ನ ಹೆಸರು ಹೊಲಿದು ಕೊಟ್ಟದ್ದು. ಬಟ್ಟೆ ರಕ್ತದಲ್ಲಿ ಒಣಗಿ ರಟ್ಟಿನ ಹಾಗಾಗಿದೆ. ಬಿಡಿಸಿದಾಗ ಸ್ಟೀಲಿನ ತುದಿಗೆ ನಾಲ್ಕು ಕೂದಲು ಅಂಟಿದ್ದವು. ಅಷ್ಟರಲ್ಲಿ ಅಮ್ಮ ಹೊಸಿಲಾಚೆ ಬೂದುಗುಂಬಳಕಾಯಿ ಒಡೆದಳು. ಅಂಗಳದ ತುಂಬ ಕುಂಕುಮದ ನೀರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಮೇಲೆ ಕನ್ನಡಿಯ ಮುಂದೆ ನಿಂತು ಅದರ ದುಂಡು ತುದಿಯನ್ನು ನನ್ನ ಹಣೆಯ ಕಲೆಗೆ ಇಟ್ಟು ನೋಡಿದೆ. ಸರಿಯಾಗಿ ಕೂತಿತು. ನೆನಪಿದೆಯಾ ನಿನಗೆ? ನನಗೆ ಹನ್ನೆರಡು ವರ್ಷ, ನಿನಗೆ ಹತ್ತೊಂಬತ್ತು. ನೀನಿಲ್ಲದಾಗ ಗಿಟಾರಿನ ತಂತಿ ಮೀಟಿದೆ ಎಂದು ಇದೇ ಸ್ಟೀಲನ್ನು ಮುಷ್ಟಿಯಲ್ಲಿ ಹಿಡಿದು ಹೊಡೆದೆ. ಅಪ್ಪ ಕೇಳಿದಾಗ ಒಳಕಲ್ಲಿನ ಮೇಲೆ ಬಿದ್ದೆ ಎಂದು ನಾನು ಹೇಳಿದೆ. ಆಮೇಲೆ ನೀನು ನನಗೆ ನಾಲ್ಕಾಣೆ ಎಂದು ಹೆಸರಿಟ್ಟೆ. ಹನ್ನೊಂದು ವರ್ಷ ಅದನ್ನು ಮುದ್ದಿನ ಹೆಸರು ಎಂದುಕೊಂಡು ಓಗೊಟ್ಟೆನಲ್ಲ, ನನ್ನಂಥ ಪೆದ್ದಿ ಇಲ್ಲ.

ಚನ್ನವೀರಪ್ಪನವರು 'ಸೇತು ಬರ್ತಾನೆ' ಅಂದದ್ದು ವಕೀಲರನ್ನು ಹಿಡಿಯಲಿಕ್ಕಲ್ಲ. ಹೋದ ಸೋಮವಾರ ಅವರ ಮುಖ ನೋಡಿ, 'ನಮ್ಮಣ್ಣನೇ ತಾನೇ?' ಎಂದು ಕೇಳಿದೆ. 'ಅವ್ನ ಬಾಯಲ್ಲೇ ಬರ್ಲಿ ಅಂತ ಕಾಯಕತ್ತೀನ್ರೀ' ಎಂದರು. ಮೂರು ಬೆರಳು ಹೋಗುವವರೆಗೂ ಕಾದಿದ್ದಾರೆ ನಿನಗಾಗಿ.

ನವೆಂಬರ್ ಹನ್ನೆರಡಕ್ಕೆ ವಿಚಾರಣೆ. ನೀನು ಐದನೇ ತಾರೀಕಿನೊಳಗೆ ಬಾ. ನೀನೇ ನಡೆದುಕೊಂಡು ಹೋಗಿ ಹೇಳು. ನಾನೂ ಅಮ್ಮನೂ ನಿನ್ನ ಜೊತೆ ಠಾಣೆಯ ಬಾಗಿಲವರೆಗೆ ಬರುತ್ತೇವೆ. ಬರದಿದ್ದರೆ ಕರವಸ್ತ್ರವನ್ನೂ ಸ್ಟೀಲನ್ನೂ ವೆಂಕಟಗಿರಿಯವರ ಕೈಗೆ ಕೊಡುತ್ತೇನೆ. ನಿನಗೆ ಹೇಳದೆ ಕೊಡಬಾರದೆಂದು ಬರೆದಿದ್ದೇನೆ.

ಜಲಜಾ


ಮಾತುಂಗಾ
25-10-1973

ಜಲಜಾ,

ನೀನು ಅದನ್ನು ಕೊಟ್ಟರೆ ಬೆಂಗಳೂರಿಗೆ ಬಂದು ನಿನ್ನ ಕೈ ಮುರಿಯುತ್ತೇನೆ. ತಮಾಷೆಗೆ ಬರೆಯುತ್ತಿಲ್ಲ. ಆವತ್ತು ಹಣೆಗೆ ಬಿದ್ದದ್ದು ಎರಡಂಗುಲ ಆಚೆ ಬಿದ್ದಿದ್ದರೆ ಈಗ ನಿನ್ನ ಕಾಗದ ಓದುವ ಕರ್ಮ ನನಗಿರುತ್ತಿರಲಿಲ್ಲ. ಒಬ್ಬ ತಬಲಾದವನಿಗಾಗಿ ಒಡಹುಟ್ಟಿದವನನ್ನು ನೇಣಿಗೆ ಕೊಡುತ್ತೀಯಾ? ಅವನು ನಿನಗೆ ಏನಾಗಬೇಕು, ಬಾಯಿಬಿಟ್ಟು ಹೇಳು.

ಈ ಮೇಲಿನದನ್ನು ಬೆಳಿಗ್ಗೆ ಬರೆದೆ. ಹರಿದುಹಾಕಬೇಕೆಂದಿದ್ದೆ, ಇರಲಿ, ನಾನು ಎಂಥವನೆಂದು ನಿನಗೆ ಗೊತ್ತೇ ಇದೆ.

ಕೇಳು. ಶ್ಯಾಮ ಆವತ್ತು ಒಬ್ಬ ಹೊಸ ಹುಡುಗನನ್ನು ಎಲೆಕ್ಟ್ರಿಕ್ ಗಿಟಾರಿನ ಜೊತೆ ಗೊತ್ತು ಮಾಡಿದ್ದ. 'ನಿನ್ನ ಅಳುಬುರುಕ ಗಿಟಾರು ಸಾವಿನ ಮನೇಲಿ ಬಾರಿಸು ಹೋಗು' ಎಂದ. ಕೆಳಗಿಟ್ಟಿದ್ದೆ, ಬೂಟುಗಾಲಿನಲ್ಲಿ ತುಳಿದ. ಚಟ್ ಅಂತ ಸದ್ದಾಯಿತು. ಸ್ಟೀಲು ಕೈಯಲ್ಲೇ ಇತ್ತು. ಮೊದಲನೆಯ ಏಟಿಗೆ ಅವನು ಮಂಡಿಯೂರಿದ. 'ಸಾಕು ಬಿಡೋ ಸೇತು' ಎಂದು ಚನ್ನ ಓಡಿಬಂದು ನನ್ನ ತೋಳು ಹಿಡಿದ. ಅವನನ್ನು ಒದ್ದೆ, ಅವನ ಚೀಲದಲ್ಲಿದ್ದದ್ದೆಲ್ಲ ಚೆಲ್ಲಾಡಿತು, ಸುತ್ತಿಗೆ ಬಿದ್ದದ್ದು ಆಗಲೇ. ಶ್ಯಾಮ ಎರಡೂ ಕೈ ಮೇಲೆತ್ತಿ 'ಬೇಡ ಗುರು' ಎಂದ. ಆಮೇಲೆ ಎರಡು ಹೊಡೆದೆ.

ಮೊದಲನೆಯದು ಗಿಟಾರಿಗಾಗಿ. ಉಳಿದೆರಡು ಯಾಕೆಂದು ಇಷ್ಟು ದಿನ ಯೋಚಿಸುತ್ತಿದ್ದೇನೆ, ನನಗೆ ಗೊತ್ತಾಗಿಲ್ಲ. ಹೊಡೆಯುವಾಗ ಸುಖವಾಗಿತ್ತು. ಅದೇ ನಿಜ.

ಆದರೂ ನಾನು ಬರುವುದಿಲ್ಲ. ನನಗೆ ಹೆದರಿಕೆ. ಚನ್ನನಿಗೆ ಅಪ್ಪ ಅಮ್ಮ ಇಲ್ಲ, ಅಳುವವರಿಲ್ಲ. ನನಗೆ ನೀವಿದ್ದೀರಿ. ಸ್ಟೀಲನ್ನು ಕೆಂಗೇರಿಯಲ್ಲಿ ಎಸೆ. ಗಿಟಾರನ್ನು ಬೇಕಾದರೆ ಬದಲಾಯಿಸಿಕೊ, ಹಾರ್ಮೋನಿಯಂ ತೆಗೆದುಕೋ, ಮಕ್ಕಳಿಗೆ ಹೇಳಿಕೊಡು. ಒಪ್ಪಿಗೆ ಕೊಟ್ಟಿದ್ದೇನೆ.

ಸೇತು


ರಾಜಾಜಿನಗರ
9-12-1973

ಸೇತುರಾಮ, ವಿಚಾರಣಾ ಕೈದಿ, ಜೈಲು, ಬೆಂಗಳೂರು

ಅಣ್ಣಾ,

ಮೂರು ಮೈಲಿ ದೂರದಲ್ಲಿದ್ದೀಯ, ಆದರೂ ಕಾಗದವನ್ನೇ ಬರೆಯುತ್ತಿದ್ದೇನೆ. ಒಡೆದು ಓದಿ ಕೊಡುತ್ತಾರಂತೆ, ಓದಲಿ.

ನವೆಂಬರ್ ಐದನೇ ತಾರೀಕು ಸಂಜೆಯವರೆಗೂ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೆ. ಆರನೇ ತಾರೀಕು ಸ್ಟೀಲನ್ನೂ ಕರವಸ್ತ್ರವನ್ನೂ ವೆಂಕಟಗಿರಿಯವರಿಗೆ ಕೊಟ್ಟೆ, ನಿನ್ನ ಕೊನೆಯ ಕಾಗದವನ್ನೂ ಜೊತೆಗೆ. ಮಾತುಂಗದ ವಿಳಾಸ ಕೊಟ್ಟವಳೂ ನಾನೇ. ಹಿಡಿಯಲು ಬಂದ ಕಾನ್‌ಸ್ಟೇಬಲ್ಲಿನ ಎರಡು ಹಲ್ಲು ಉದುರಿಸಿದೆಯಂತೆ. ನಿನಗೂ ಅವರು ಏನು ಮಾಡಿದರೆಂದು ಕೋರ್ಟಿನಲ್ಲಿ ನಿನ್ನ ಮುಖ ನೋಡಿ ತಿಳಿಯಿತು. ಆ ದಿನ ಮನೆಗೆ ಬಂದು ಅತ್ತೆ, ಸುಳ್ಳು ಹೇಳುವುದಿಲ್ಲ.

ಚನ್ನವೀರಪ್ಪನವರನ್ನು ಬಿಟ್ಟರು. ಅವರು ನನಗೆ ಏನಾಗಬೇಕು ಎಂದು ಕೇಳಿದ್ದೆಯಲ್ಲ. ನನಗೆ ಅವರ ಮೇಲೆ ಮನಸ್ಸಿತ್ತು. ಅವರಿಗೂ ಇತ್ತೆಂದು ಕಾಣುತ್ತದೆ. ಕೇಳುವ ದಿನ ಇನ್ನು ಬರುವುದಿಲ್ಲ.

ಗಿಟಾರನ್ನು ಬದಲಾಯಿಸಿದೆ. ರಾಮಯ್ಯನವರು 'ಸ್ಟೀಲು ಎಲ್ಲಮ್ಮಾ' ಎಂದರು. 'ಕೋರ್ಟಿನಲ್ಲಿದೆ' ಎಂದೆ. ಅವರು ಹಾರ್ಮೋನಿಯಂ ಇಳಿಸಿ ಕೊಟ್ಟರು. ಅದನ್ನು ಸ್ಕೂಲಿಗೆ ಒಯ್ಯಲಿಲ್ಲ, ಹಿಂದಿನ ರೂಮಿನಲ್ಲಿಟ್ಟೆ. ಮುರಿದ ಕೈಯಲ್ಲಿ ತಿದಿ ಒತ್ತಬಹುದು, ಎಡಗೈಯಲ್ಲಿ ಬಾರಿಸಬಹುದು ಎಂದು ನನ್ನ ಯೋಚನೆ. ಚನ್ನವೀರಪ್ಪನವರು ಅದರ ಮುಂದೆ ನಿಂತು, 'ಆ ಗಿಟಾರಿಂದ ಬಂದದ್ದು ನಂಗೆ ಬ್ಯಾಡ್ರೀ' ಎಂದರು. ಮೂರನೆಯ ದಿನ ರೂಮು ಖಾಲಿ ಮಾಡಿ ದಾವಣಗೆರೆ ಬಸ್ಸು ಹತ್ತಿದರು. ತಬಲಾ ಇಲ್ಲೇ ಬಿಟ್ಟು ಹೋಗಿದ್ದಾರೆ. ನನ್ನ ಮುಖ ನೋಡಲಿಲ್ಲ, ನಾನೂ ಕೂಗಲಿಲ್ಲ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ನನ್ನ ಹಣೆಯದನ್ನೂ ಸೇರಿಸಿ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ. 'ಅವತ್ತೇ ಗೊತ್ತಿತ್ತು ಕಣೇ. ಗಾಯ ತೊಳೆದವಳು ನಾನಲ್ವಾ. ಒಳಕಲ್ಲು ಅಷ್ಟು ದುಂಡಗೆ ಹೊಡೆಯಲ್ಲ' ಎಂದಳು. ಆಮೇಲೆ ಒಲೆ ಆರಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡು ನೆಲಕ್ಕೆ ಕೂತಳು. ಆವತ್ತು ನಾವಿಬ್ಬರಲ್ಲಿ ಒಬ್ಬರು ಬಾಯಿಬಿಟ್ಟಿದ್ದರೂ ಶ್ಯಾಮಸುಂದರ ಇವತ್ತು ಹಾಡಿಕೊಂಡಿರುತ್ತಿದ್ದ.

ಅಮ್ಮ ಸೋಮವಾರ ನಿನ್ನನ್ನು ನೋಡಲು ಬರುತ್ತಾಳೆ. ನಾನು ಬರುವುದಿಲ್ಲ, ಈಗಲೇ ಬರಲಾರೆ. ನೀನು ಬರೆದರೆ ಓದುತ್ತೇನೆ. ಆದರೆ ಕಾಗದದ ಮೇಲೆ ನನ್ನ ಹೆಸರು ಬರೆ.

ಜಲಜಾ